ರಕ್ತ ತೆಗೆದ ಹೊತ್ತು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷದಿಂದ ರಕ್ತ ಸವರಿದ ಗಾಜಿನ ಪಟ್ಟಿಗಳನ್ನು ನೋಡುತ್ತ ಬಂದವರನ್ನು ನಾವೆಲ್ಲ ಬೆನ್ನ ಹಿಂದೆ ಗಾಜಮ್ಮ ಎನ್ನುತ್ತಿದ್ದೆವು. ಎದುರಿಗೆ ಮಾತ್ರ ಮೇಡಂ. ಮೂಗಿನ ತುದಿಯಲ್ಲೇ ಕೋಪ. ಯಾವ ಟ್ಯೂಬು ಬಂದರೂ ಮೊದಲ ಪ್ರಶ್ನೆ, "ತೆಗೆದದ್ದು ಎಷ್ಟು ಗಂಟೆಗೆ?" ಲ್ಯಾಬಿಗೆ ಬಂದ ಹೊತ್ತು ಅವರಿಗೆ ಬೇಕಿಲ್ಲ. ನನಗದು ಅತಿ ಎನಿಸುತ್ತಿತ್ತು. ಕೆಲಸಕ್ಕೆ ಸೇರಿ ಎರಡೇ ವರ್ಷ, ಎಲ್ಲ ಗೊತ್ತೆಂಬ ಕೊಬ್ಬು ಬೇರೆ.

ನನ್ನ ಅಕ್ಕನಿಗೆ ಹತ್ತು ದಿನದಿಂದ ಜ್ವರ ಬಿಟ್ಟಿರಲಿಲ್ಲ. ಸೂಜಿ ಕಂಡರೆ ಅವಳಿಗೆ ಜೀವವೇ ಬಾಯಿಗೆ ಬರುತ್ತದೆ. ಭಾನುವಾರ ಬೆಳಿಗ್ಗೆ ಪುಸಲಾಯಿಸಿ ಮನೆಯಲ್ಲೇ ರಕ್ತ ತೆಗೆದೆ, ಟ್ಯೂಬನ್ನು ಕೈಚೀಲಕ್ಕೆ ಹಾಕಿದೆ, ಮರೆತೇ ಬಿಟ್ಟೆ. ನೆನಪಾದದ್ದು ಸೋಮವಾರ ಮಧ್ಯಾಹ್ನ. ಇನ್ನೊಮ್ಮೆ ಚುಚ್ಚುತ್ತೇನೆಂದರೆ ಅವಳು ಒಪ್ಪುವವಳಲ್ಲ. ಟ್ಯೂಬಿನ ಮೇಲೆ ಸೋಮವಾರ, ಹನ್ನೊಂದು ಗಂಟೆ ಎಂದು ಬರೆದೆ. ಒಂದು ದಿನದಲ್ಲಿ ಏನು ಮಹಾ ಆಗುತ್ತದೆ ಅಂದುಕೊಂಡೆ.

ಆ ರಕ್ತವನ್ನು ಪಟ್ಟಿಗೆ ಸವರಿ, ಬಣ್ಣ ಹಾಕಿ ನಾನೇ ಮೊದಲು ನೋಡಿದೆ. ಹೆಚ್ಚಿನ ಬಿಳಿ ರಕ್ತಕಣಗಳ ನಡುವಿನ ಬೀಜ ಮೂರ್ನಾಲ್ಕು ತುಂಡಾಗಿ, ಎಳೆಯಲ್ಲಿ ಪೋಣಿಸಿದಂತಿರಬೇಕು. ಇಲ್ಲಿ ಒಂದೇ ಗುಂಡು, ಕಪ್ಪಗೆ, ಗಟ್ಟಿಯಾಗಿ. ಒಂದಲ್ಲ, ಹತ್ತಾರು. ಬಲಿಯದ ಕಣಗಳು ಹೀಗೆ ತುಂಬಿದರೆ ರಕ್ತದ ಕ್ಯಾನ್ಸರ್ ಎಂದು ಹೊಳೆದದ್ದೇ, ಅಕ್ಕನದು ಎಂದು ಹೇಳಿ ಪಟ್ಟಿಯನ್ನು ಗಾಜಮ್ಮನ ಮುಂದಿಟ್ಟೆ. ವರದಿ ಕೆಟ್ಟದಿದ್ದರೆ ಸಂಜೆಯೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಅಕ್ಕನನ್ನು ನೋಡುತ್ತಿದ್ದ ಡಾಕ್ಟರು ಎರಡು ಸಲ ಫೋನು ಮಾಡಿದ್ದರು. ಅಕ್ಕ, ಭಾವ ವರದಿಗಾಗಿ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು.

ಗಾಜಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ತೆಗೆದದ್ದು ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ, ಮೇಡಂ."

"ಇನ್ನೊಂದ್ಸಲ ಕೇಳ್ತೀನಿ."

"ಹನ್ನೊಂದಕ್ಕೇ."

ಅವರು ಕಣ್ಣು ತೆಗೆಯಲಿಲ್ಲ. "ಈ ಜಾತಿ ಬಿಳಿ ಕಣ ಒಂದೆರಡು ದಿನ ದುಡಿಯುತ್ತೆ. ಆಮೇಲೆ ಯಾರೂ ಕೊಲ್ಲದೆ ತನ್ನನ್ನ ತಾನೇ ಮುಗಿಸ್ಕೊಳ್ಳುತ್ತೆ. ಹುಟ್ಟುವಾಗಲೇ ಆ ಏರ್ಪಾಡು ಒಳಗಿರುತ್ತೆ. ಬೀಜ ಕುಗ್ಗಿ ಗುಂಡಾಗುತ್ತೆ, ಮೈ ಮುದುಡುತ್ತೆ. ಮೈಯೊಳಗಾದ್ರೆ ಬೇರೆ ಕಣ ಬಂದು ಅದನ್ನ ನುಂಗಿಬಿಡುತ್ತೆ. ಟ್ಯೂಬಲ್ಲಿ ಗುಡಿಸೋರು ಯಾರು? ಹೆಣಗಳು ಹಾಗೇ ಬಿದ್ದಿರ್ತವೆ."

ಫೋನು ಮೂರನೆಯ ಸಲ ಹೊಡೆದುಕೊಂಡಿತು. ಅವರು ಎತ್ತಲಿಲ್ಲ.

"ನನಗೆ ಕಾಣ್ತಿರೋದು ಹೆಣಾನೇ ಅನಿಸ್ತಿದೆ. ಆದ್ರೆ ಎರಡು ಮೂರು ಗಂಟೇಲಿ ಇಷ್ಟು ಬೀಳಲ್ಲ. ನೀನು ಹೇಳಿದ ಹೊತ್ತು ನಿಜ ಆದ್ರೆ ನಿನ್ನಕ್ಕನಿಗೆ ದೊಡ್ಡ ಕಾಯಿಲೆ. ಸುಳ್ಳಾದ್ರೆ ರಕ್ತ ಹಳೇದು. ಯಾವುದು?"

"ನಿನ್ನೆ ಬೆಳಿಗ್ಗೆ," ಅಂದೆ.

ಅವರು ಬೈಯಲಿಲ್ಲ. ಸೂಜಿ ತೆಗೆದುಕೊಂಡು ನೇರ ಹೊರಗೆ ಹೋಗಿ, ಮತ್ತೆ ರಕ್ತ ತೆಗೆಯಲು ಅಕ್ಕನ ತೋಳು ಹಿಡಿದರು. ಅಕ್ಕ ಅತ್ತಳು, ಭಾವ ಬೇರೆ ಕಡೆ ನೋಡಿದರು. ಹೊಸ ಪಟ್ಟಿ ಒಣಗಿ, ಬಣ್ಣ ಹಿಡಿಯುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು. ಗಾಜಮ್ಮ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಜರುಗಿಸಿದರು.

"ಒಂದೂ ಕೆಟ್ಟ ಕಣ ಇಲ್ಲ. ಸೋಂಕಿನ ಜ್ವರದ ಹಾಗಿದೆ. ಡಾಕ್ಟರಿಗೆ ನಾನೇ ಹೇಳ್ತೀನಿ."

ನಾನು ಗೋಡೆಗೆ ಒರಗಿ ಅತ್ತೇ ಬಿಟ್ಟೆ. ಅವರು ಫೋನು ಕೈಗೆತ್ತಿಕೊಂಡು ನನ್ನತ್ತ ತಿರುಗಿದರು.

"ನಿನ್ನಕ್ಕ ಅಂತ ಬಾಯಿ ಬಿಟ್ಟೆ. ಬೇರೆ ಯಾರದೋ ಅಕ್ಕ ಆಗಿದ್ರೆ?"

ನಾನು ಹಳೆಯ ಟ್ಯೂಬಿನ ಮೇಲಿನ ಸೋಮವಾರವನ್ನು ಹೊಡೆದುಹಾಕಿ ಭಾನುವಾರ ಎಂದು ಬರೆದೆ. ಹನ್ನೊಂದಕ್ಕೇ ಎಂದು ಸಾಧಿಸುತ್ತಿದ್ದೆ ಎಂಬುದು ಇಬ್ಬರಿಗೂ ಗೊತ್ತಿತ್ತು.