ಒಂದೇ ಗುಳಿಗೆ, ಎರಡು ದಾರಿ

ರಾಯದುರ್ಗದ ನನ್ನ ಮೆಡಿಕಲ್ ಶಾಪಿಗೆ ಡಿ. ಹಿರೇಹಾಳಿನ ಟೀಚರಮ್ಮ ಒಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ ಬೆವರುವುದು ತಡೆಯಲಾರದೆ ಅವರು ಹಾರ್ಮೋನ್ ಚಿಕಿತ್ಸೆ ಶುರುಮಾಡಿದ್ದರು. ತೋಳಿಗೆ ಹಚ್ಚಲು ಈಸ್ಟ್ರೋಜೆನ್ ಜೆಲ್, ಮಲಗುವ ಮುಂಚೆ ನುಂಗಲು ಪ್ರೊಜೆಸ್ಟರಾನ್ ಗುಳಿಗೆ.

ಒಮ್ಮೆ ಬಂದವರು ಜೆಲ್ ಮಾತ್ರ ಕೇಳಿದರು. "ಗುಳಿಗಿ ಬ್ಯಾಡ್ರಿ. ಬೆಳಿಗ್ಗೆ ಪಾಠ ಮಾಡ್ತಾ ಕುರ್ಚಿಯಾಗ ತೂಕಡಿಸಿಬಿಟ್ಟೆ."

"ಬಿಡಬಾರದ್ರಿ ಮೇಡಂ. ಜೆಲ್ ಒಂದೇ ಹಚ್ಚಿದ್ರ ಗರ್ಭಕೋಶದ ಒಳಪದರ ದಪ್ಪ ಆಗ್ತದ, ಮುಂದ ಕ್ಯಾನ್ಸರ್ ಭಯ ಅದ."

"ನಮ್ಮ ನಾದಿನಿ ಬಸುರಿದ್ದಾಗ ಇದ ಗುಳಿಗಿ ತಗೊಂಡ್ಲು. ಆಕಿಗೆ ಯಾಕ ನಿದ್ದಿ ಬರಲಿಲ್ಲ?"

ಕೆಮ್ಮಿನ ಔಷಧಿಗೆ ಬಂದಿದ್ದ ಅಜ್ಜ ಒಬ್ಬರು ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದರು. "ಅವರು... ಕೆಳಗ ಇಟ್ಕೊಂಡಿರಬೇಕ್ರಿ," ಎಂದು ಪಿಸುಗುಟ್ಟಿದೆ.

"ಕೆಳಗ ಅಂದ್ರ ನೆಲದ ಮ್ಯಾಲೇನ್ರಿ? ಯೋನಿಯೊಳಗ ಅಂತ ಹೇಳ್ರಿ. ನಾನು ಸೈನ್ಸ್ ಟೀಚರ್!"

ಅಜ್ಜ ಬೀದಿಯ ಕಡೆ ತಿರುಗಿಕೊಂಡರು. ನಾನು ಬೆವರೊರೆಸಿಕೊಂಡು ವಿವರಿಸಿದೆ. ನುಂಗಿದ ಗುಳಿಗೆ ಲಿವರ್‌ನಲ್ಲಿ ಒಡೆದು ನಿದ್ದೆ ತರಿಸುವ ಅಂಶಗಳಾಗುತ್ತದೆ. ಒಳಗಿಟ್ಟರೆ ಹೆಚ್ಚಿನದು ನೇರ ಗರ್ಭಕೋಶ ಸೇರುತ್ತದೆ, ಮಂಪರು ಕಡಿಮೆ. ಆದರೆ ದಾರಿ ಬದಲಿಸುವುದನ್ನು ಡಾಕ್ಟರೇ ಹೇಳಬೇಕು.

ಅವರು ನಿಂತಲ್ಲೇ ಡಾಕ್ಟರಿಗೆ ಫೋನ್ ಹಚ್ಚಿದರು. ಒಪ್ಪಿಗೆ ಸಿಕ್ಕಿತು. ಮುಂದಿನ ತಿಂಗಳು ಬಂದಾಗ, "ಈಗ ಬೆಳಿಗ್ಗೆ ತಲಿ ಹಗುರ ಇರ್ತದ್ರಿ," ಅಂದರು.

ಆವತ್ತಿನಿಂದ 'ಯೋನಿ' ಎಂಬ ಪದವನ್ನು ನಾನೂ ನೇರವಾಗಿ ಹೇಳುತ್ತೇನೆ. ಈಗ ನಮ್ಮ ಅಂಗಡಿಯಲ್ಲಿ ಪಿಸುಗುಟ್ಟುವವರು ಗಿರಾಕಿಗಳು ಮಾತ್ರ, ಅದರಲ್ಲೂ ಹೆಂಡತಿಯ ಚೀಟಿ ಹಿಡಿದು ಬರುವ ಗಂಡಸರೇ ಹೆಚ್ಚು.