ಶಾರ್ಟ್‌ಸ್ಟಾಪ್ ಜಾಗ ಬಿಟ್ಟುಕೊಟ್ಟ ಭಾನುವಾರ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಆ ಭಾನುವಾರವಂತೂ ಬೆಳಿಗ್ಗೆಯಿಂದಲೇ ಕೈಕಾಲು ನಿಲ್ಲುತ್ತಿರಲಿಲ್ಲ. ಸ್ವೀಡನ್ನಿನ ಸೋಲ್ನಾದ ನಮ್ಮ ಬೇಸ್‌ಬಾಲ್ ತಂಡ ಗೆದ್ದರೆ ಡಿವಿಷನ್ನಿನಲ್ಲಿ ಉಳಿಯುತ್ತಿತ್ತು, ಸೋತರೆ ಕೆಳಗಿಳಿಯುತ್ತಿತ್ತು. ಮ್ಯಾನೇಜರ್ ಆಗಿ ನನಗದು ಮೊದಲ ವರ್ಷ.

ಅದಕ್ಕೂ ಮುಂಚೆ ಒಂಬತ್ತು ಬೇಸಿಗೆ ನಾನು ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು, ನುಗ್ಗಿ ಬರುವ ಚೆಂಡು ಹಿಡಿದು ಮೊದಲ ಬೇಸ್‌ನಲ್ಲಿರುವವನಿಗೆ ಎಸೆಯುವ ಕೆಲಸ. ಆಫೀಸಿನಲ್ಲಿ ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತು ನನ್ನ ಕ್ರಿಕೆಟ್ ಬಗ್ಗೆ ಕೊಚ್ಚಿಕೊಂಡದ್ದಕ್ಕೆ ಸಹೋದ್ಯೋಗಿಯೊಬ್ಬ ಮೈದಾನಕ್ಕೆ ಎಳೆದುಕೊಂಡು ಹೋಗಿದ್ದ. ಮೊದಲ ಪಂದ್ಯದಲ್ಲೇ ಜೊತೆಗಾರನ ಗ್ಲವ್ ಬಿಟ್ಟು, ಸ್ಟಂಪಿಗೆ ಹೊಡೆದಂತೆ, ನೇರ ಬೇಸ್‌ಗೇ ಚೆಂಡು ಹೊಡೆದೆ. ಗುರಿ ಒಂದಿಷ್ಟೂ ತಪ್ಪಲಿಲ್ಲ! ಆದರೆ ಇಲ್ಲಿ ಚೆಂಡು ಬೇಸ್‌ಗೆ ತಗುಲಿದರೆ ಔಟಲ್ಲ, ಅಲ್ಲಿ ನಿಂತವನು ಅದನ್ನು ಹಿಡಿಯಬೇಕು. ನಾನು ಕೈಯೆತ್ತಿ ಕುಣಿಯುತ್ತಿದ್ದರೆ ಚೆಂಡು ಪುಟಿದು ಬೇಲಿ ಸೇರಿತು, ಓಡುವವನು ಮುಂದಿನ ಬೇಸ್‌ಗೂ ಓಡಿದ. ಆಗಿನ ಮ್ಯಾನೇಜರ್ ಬೈದರು, ಹೊರಗೆ ಮಾತ್ರ ಕರೆಯಲಿಲ್ಲ.

ಮಂಡಿ ನೋವು ಹೆಚ್ಚಾದಾಗ ನನ್ನನ್ನೇ ಮ್ಯಾನೇಜರ್ ಮಾಡಿದರು. ಆದರೂ ಪ್ರತಿ ಪಂದ್ಯದ ಪಟ್ಟಿಯಲ್ಲಿ ಶಾರ್ಟ್‌ಸ್ಟಾಪ್ ಎದುರು ನನ್ನ ಹೆಸರೇ ಬರೆಯುತ್ತಿದ್ದೆ. ಆಸೆ ಬಿಡಬೇಕಲ್ಲ! ಆ ಭಾನುವಾರ ಮಂಡಿ ಊದಿಕೊಂಡಿತ್ತು. ಮೊದಲ ಸಲ ಬೇರೆಯವರ ಹೆಸರು ಬರೆದೆ. ದಾವಣಗೆರೆಯ ಹುಡುಗಿ, ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ಕಾಲೇಜಿನಲ್ಲಿ ಕ್ರಿಕೆಟ್ ಆಡಿದವಳು.

ಐದನೇ ಇನ್ನಿಂಗ್ಸ್‌ನಲ್ಲಿ ಅವಳೂ ಬೇಸ್‌ಗೇ ಗುರಿಯಿಟ್ಟು ಹೊಡೆದಳು. ಎದುರಾಳಿಗಳಿಗೆ ಒಂದು ರನ್ ಪುಕ್ಕಟೆ. ನನಗೆ ಉರಿದುಹೋಯಿತು. ಗ್ಲವ್ ತೊಟ್ಟು ಅವಳ ಬದಲು ನಾನೇ ಇಳಿಯುತ್ತೇನೆಂದು ಹೇಳಲು ಅಂಪೈರ್ ಕಡೆ ಹೊರಟೇಬಿಟ್ಟೆ. ನಾನು ಇಳಿದರೆ ಅವಳು ಆ ದಿನ ಮತ್ತೆ ಆಡುವಂತಿರಲಿಲ್ಲ.

"ನನ್ನ ತೆಗೀತಿದೀರಾ ಅಣ್ಣ?" ಎಂದಳು. ಕಣ್ಣು ತುಂಬಿತ್ತು.

ಕಾಲು ಅಲ್ಲೇ ನಿಂತಿತು. "ಇಲ್ಲ ಕಣಮ್ಮ. ನಾನೂ ಫಸ್ಟ್ ಮ್ಯಾಚಲ್ಲಿ ಇದೇ ಮಾಡಿದ್ದು. ಬೇಸ್ ನೋಡ್ಬೇಡ, ಅಲ್ಲಿ ಹಿಡಿಯೋನ ಗ್ಲವ್ ನೋಡು."

ಕೊನೆಯ ಇನ್ನಿಂಗ್ಸ್‌ನಲ್ಲಿ ನಾವು ಒಂದೇ ರನ್ ಮುಂದೆ, ಬೇಕಾಗಿದ್ದದ್ದು ಒಂದೇ ಔಟ್. ಚೆಂಡು ಅವಳ ಎಡಕ್ಕೆ ರೊಯ್ಯನೆ ಬಂತು. ಹಾರಿ ಬಿದ್ದು ಹಿಡಿದಳು, ಮಂಡಿಯೂರಿಕೊಂಡೇ ಎಸೆದಳು. ನೇರ ಗ್ಲವ್‌ಗೆ! ಔಟ್! ನಾನು ಕನ್ನಡದಲ್ಲೇ ಕಿರುಚುತ್ತಾ ಮೈದಾನಕ್ಕೆ ನುಗ್ಗಿದೆ. ಸ್ವೀಡಿಷರು ಒಂದಕ್ಷರ ಅರ್ಥವಾಗದಿದ್ದರೂ ನನ್ನನ್ನು ಅಪ್ಪಿಕೊಂಡರು.

"ಮಂಡಿ ಸರಿಹೋದ್ಮೇಲೆ ನೀವೇ ಆಡ್ತೀರಲ್ಲ ಅಣ್ಣ?"

"ಇಲ್ಲಮ್ಮ. ಇನ್ಮೇಲೆ ಅದು ನಿನ್ ಜಾಗ."

ಹೇಳುವಾಗ ಖುಷಿ ಇತ್ತು, ಹೊಟ್ಟೆಕಿಚ್ಚೂ ಇತ್ತು.