ಮಗಳ ಕೊರಳೆಲುಬು

ಮಗಳು ಹುಟ್ಟಿದ್ದು ಮಾನ್ವಿಯ ಒಂದು ಆಸ್ಪತ್ರೆಯಲ್ಲಿ. ಹೆರಿಗೆಗೆಂದು ನಾನು ಹಿರೇಕೊಟ್ನೆಕಲ್ಲಿನ ತವರುಮನೆಗೆ ಬಂದಿದ್ದೆ. ಗಂಡ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸದಲ್ಲಿದ್ದರು.

ಕೂಸಿನ ತಲೆ ಹೊರಗೆ ಬಂತು, ಭುಜ ಬರಲಿಲ್ಲ. ಅದು ಒಳಗೇ ಸಿಕ್ಕಿಕೊಂಡಿತ್ತು. ನರ್ಸುಗಳು ನನ್ನ ಮೊಣಕಾಲುಗಳನ್ನು ಎದೆಯ ತನಕ ಮಡಚಿ ಹಿಡಿದರು. ಒಬ್ಬಾಕೆ ಹೊಟ್ಟೆಯ ಕೆಳಗೆ ಒತ್ತತೊಡಗಿದಳು. "ತಿಣಕಬ್ಯಾಡ, ತಡಿ" ಎಂದ ಡಾಕ್ಟರಮ್ಮ ಮರುಗಳಿಗೆಗೆ "ಈಗ ತಿಣಕು" ಎಂದು ಕೂಗಿದರು. ಕೂಸು ಅಳದೇ ಬಂತು. ಮೈ ನೀಲಿಯಾಗಿತ್ತು. ಮೂಲೆಯ ಮೇಜಿನ ಮೇಲೆ ಅದರ ಬೆನ್ನು ತಿಕ್ಕುವ ಸಪ್ಪಳವಷ್ಟೇ ನನಗೆ ಕೇಳುತ್ತಿತ್ತು. ಕಡೆಗೆ ಅತ್ತಿತು.

ಮರುದಿನ ಹಾಲು ಕುಡಿಸಲು ಎತ್ತಿಕೊಂಡಾಗಲೆಲ್ಲ ಚೀರುತ್ತಿತ್ತು. ಎಡಗೈ ಆಡಿಸುತ್ತಿತ್ತು, ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಕೊರಳ ಕೆಳಗೆ ಮೆಲ್ಲಗೆ ಬೆರಳಿಟ್ಟೆ. ಚರ್ಮದಡಿ ಮರಳು ತಿಕ್ಕಿದ ಹಾಗೆ ಏನೋ ಕರಕರ ಅಂತು. ಬೆರಳು ತೆಗೆದುಬಿಟ್ಟೆ.

ನಮ್ಮ ಕಡೆ ಕೂಸಿಗೆ ನೀರು ಎರೆಯುವಾಗ ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಎಳೆದು ತೀಡುತ್ತಾರೆ. ಊರಿಗೆ ಬಂದಮೇಲೆ ಅವ್ವ ಎಣ್ಣೆ ಬಟ್ಟಲು ಹಿಡಿದು ಬಂದಳು. ಬೇಡ ಅಂದೆ. ಕೂಸಿನ ಕೈ ನೋಡಿ ಅವ್ವ ಬಟ್ಟಲನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತಳು.

ಸುದ್ದಿ ಕೇಳಿ ದೇವದುರ್ಗದಿಂದ ನನ್ನ ಅತ್ತೆ ಬಂದರು. ಬಂದವರೇ, "ನಮ್ಮೂರಾಗ ಎಲುಬು ಕೂಡಸೋ ಮುದುಕ ಅದಾನ. ಪಟ್ಟಿ ಕಟ್ಟಿ ಎರಡು ಸಲ ತೀಡಿದ್ರ ಕೈ ತಾನ ಏಳ್ತದ. ನಡಿ, ಹೋಗೋಣ" ಅಂದರು.

"ಬ್ಯಾಡ ಅತ್ತಿ. ರಾಯಚೂರಿಗೆ ತೋರಸ್ತೀನಿ."

"ದವಾಖಾನ್ಯಾಗ ಮುರದದ. ಮತ್ತ ದವಾಖಾನಿಗೇ ಒಯ್ತೀ ಏನು?"

ಆದರೂ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ರಾಯಚೂರು ಬಸ್ಸು ಹತ್ತಿದೆ. ಅತ್ತೆಯೂ ಹತ್ತಿದರು. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗೊಮ್ಮೆ ಕೂಸಿನ ಭುಜದ ಕೆಳಗೆ ತಮ್ಮ ಅಂಗೈ ಇಡುತ್ತಿದ್ದರು.

ರಾಯಚೂರಿನ ಎಲುಬಿನ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆಂಕಿಕಡ್ಡಿಯಂಥ ಎಲುಬು, ನಡುವೆ ತುಂಡಾಗಿತ್ತು.

"ಇದು ಕೊರಳೆಲುಬು. ಎದಿ ನಡುವಿನ ಎಲುಬಿನಿಂದ ಭುಜದ ತನಕ ಅಡ್ಡ ಇರ್ತದ. ಕೈಯನ್ನ ಮೈಗೆ ಜೋಡಸೋ ಎಲುಬು ಇದೊಂದೇ ನೋಡ್ರಿ. ಎರಡು ಕಡೆ ಬಾಗಿರ್ತದ, ನಡುವ ತೆಳ್ಳಗ. ಗಾಡಿ ಮ್ಯಾಲಿಂದ ಬಿದ್ದವ್ರಿಗೂ ಬಹಳ ಮಾಡಿ ಅಲ್ಲೇ ಮುರೀತದ. ಕೂಸಿಂದು ಲಗೂನ ಕೂಡ್ತದ, ಪಟ್ಟಿಗಿಟ್ಟಿ ಏನೂ ಬ್ಯಾಡ. ಅಂಗಿ ತೋಳನ್ನ ಎದಿ ಮ್ಯಾಲ ಪಿನ್ ಹಾಕಿ ಇಡ್ರಿ. ತೀಡಬ್ಯಾಡ್ರಿ."

"ಮುರದವ್ರು ಯಾರು ಹಂಗಾದ್ರ?" ಅತ್ತೆ ಕೇಳಿದರು.

"ಅಮ್ಮಾ, ಭುಜ ಸಿಕ್ಕೊಂಡಾಗ ತಡ ಆಗಿದ್ರ ಕೂಸೇ ಉಳೀತಿರಲಿಲ್ಲ."

ಡಾಕ್ಟರು ಕೂಸಿನ ಬಲ ಅಂಗೈಯಲ್ಲಿ ತಮ್ಮ ಬೆರಳಿಟ್ಟರು. ಅದು ಗಟ್ಟಿಯಾಗಿ ಹಿಡಿಯಿತು. ಮೊಣಕೈ ಮಾತ್ರ ಮಡಚಲಿಲ್ಲ. ಅವರು ಬಹಳ ಹೊತ್ತು ನೋಡಿದರು.

"ಎಲುಬಿನ ಚಿಂತಿ ಬಿಡ್ರಿ. ಕೊರಳಿನಿಂದ ಕೈಗೆ ಹೋಗೋ ನರ ಈ ಎಲುಬಿನ ಕೆಳಗೇ ಇರ್ತಾವ. ಭುಜ ಜಗ್ಗಿದಾಗ ಅವು ಬರೇ ನೊಂದಾವೋ, ಹರದಾವೋ, ಈಗ ಹೇಳಾಕ ಆಗಂಗಿಲ್ಲ."

ಕೆಲವು ವಾರಗಳಲ್ಲಿ ಮುರಿದ ಜಾಗದಲ್ಲಿ ಹುಣಸೆಬೀಜದಷ್ಟು ಗಂಟು ಎದ್ದಿತು. ಅತ್ತೆ ಗಾಬರಿಯಾದರು. ಹೊಸ ಎಲುಬು ಕೂಡಿದ್ದರ ಗುರುತು ಅದು, ಬೆಳೆದಂತೆ ಕರಗುತ್ತದೆ ಎಂದರು ಡಾಕ್ಟರು. ಹಾಗೇ ಆಯಿತು. ಮೈ ಮುಟ್ಟಿದರೆ ಅಳುವುದನ್ನೂ ಮಗಳು ಬಿಟ್ಟಳು. ಕೈ ಮಾತ್ರ ಏಳಲಿಲ್ಲ.

ಗಂಡ ಒಂದು ದಿನ ಮಾನ್ವಿ ಆಸ್ಪತ್ರೆಗೆ ಜಗಳಕ್ಕೆಂದೇ ಹೋದರು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿದರು. ಅಲ್ಲಿ ಏನು ಮಾತಾಯಿತೆಂದು ಇವತ್ತಿಗೂ ಹೇಳಿಲ್ಲ.

ಆಮೇಲೆ ಮಗಳೊಂದಿಗೆ ಶಕ್ತಿನಗರಕ್ಕೆ ಮರಳಿದೆ. ಅಲ್ಲಿಂದ ರಾಯಚೂರಿಗೆ ವ್ಯಾಯಾಮಕ್ಕೆ ಓಡಾಟ. ಮಗಳ ಕೈಯನ್ನು ನಾನೇ ಎತ್ತುವುದು, ಮಡಚುವುದು, ಹೊರಗೆ ತಿರುಗಿಸುವುದು. ಅವಳು ಅಳುತ್ತಿದ್ದರೂ ನಿಲ್ಲಿಸುವ ಹಾಗಿರಲಿಲ್ಲ. ಮೊಣಕೈ ನಿಧಾನಕ್ಕೆ ಒಂದಿಷ್ಟು ಮಡಚಿತು. ಹೈದರಾಬಾದಿಗೆ ಕರೆದೊಯ್ದಾಗ ಅಲ್ಲಿನ ನರದ ಡಾಕ್ಟರು ಅದನ್ನು ನೋಡಿ ಆಪರೇಷನ್ ಬೇಡ ಎಂದರು. ಭುಜ ಎಷ್ಟು ಬರುತ್ತದೆ ಎಂದು ಕೇಳಿದ್ದಕ್ಕೆ, ಬಂದಷ್ಟು ಬರುತ್ತದೆ ಎಂದರು.

ಈಗ ಅವಳು ಶಾಲೆಯಲ್ಲಿ ಎರಡನೇ ಇಯತ್ತೆ. ಬಲಗೈ ಎದೆಯಿಂದ ಮೇಲೆ ಹೋಗುವುದಿಲ್ಲ. ತಲೆ ಮೇಲಿಂದ ಅಂಗಿ ಹಾಕಿಕೊಳ್ಳಲು ಯಾರಾದರೂ ಬೇಕು. ಬಲಗೈಯ ತುತ್ತು ಬಾಯಿಗೆ ಮುಟ್ಟುವ ಮೊದಲೇ ಚೆಲ್ಲುತ್ತದೆ. ಅದಕ್ಕೆ ಎಡಗೈಯಲ್ಲೇ ಬರೆಯುತ್ತಾಳೆ, ಎಡಗೈಯಲ್ಲೇ ಉಣ್ಣುತ್ತಾಳೆ.

ಹೋದ ವರ್ಷ ದೇವದುರ್ಗದಲ್ಲಿ ಸಂಬಂಧಿಕರ ಮದುವೆಯಿತ್ತು. ಊಟದ ಸಾಲಿನಲ್ಲಿ ಮಗಳು ನನ್ನ ಮತ್ತು ಅತ್ತೆಯ ನಡುವೆ ಕುಳಿತಿದ್ದಳು. ಎದುರು ಸಾಲಿನ ಹಿರಿಯರೊಬ್ಬರು ಅವಳನ್ನೇ ನೋಡಿ, "ಏ ಹುಡುಗಿ, ಎಡಗೈಲೇ ಉಣ್ತಾರೇನು? ಮನ್ಯಾಗ ಏನೂ ಕಲಿಸಿಲ್ಲೇನು?" ಅಂದರು. ಅಕ್ಕಪಕ್ಕದವರು ತಿರುಗಿ ನೋಡಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. "ಆಕಿ ಬಲಗೈ ಏಳಂಗಿಲ್ರೀ. ಹುಟ್ಟಿದಾಗಿಂದ ಏಳಂಗಿಲ್ಲ. ನಮ್ಮ ಕೂಸು ಎಡಗೈಲೇ ಉಣ್ತದ. ನಿಮಗ ನೋಡಾಕ ಆಗಲಿಲ್ಲಂದ್ರ ಎದ್ದು ಆ ಕಡಿ ಹೋಗಿ ಕುಂದರ್ರಿ."

ಹಿರಿಯರು ತಲೆ ತಗ್ಗಿಸಿದರು. ಅತ್ತೆ ಕುಳಿತು, "ಉಣ್ಣವ್ವಾ, ನೀ ಉಣ್ಣು" ಎಂದು ಮಗಳ ಬೆನ್ನು ಸವರಿದರು. ಅವಳು ಎಡಗೈಯನ್ನು ಲಂಗದ ಮಡಿಕೆಯೊಳಗೆ ಹುದುಗಿಸಿಕೊಂಡು ಕುಳಿತಿದ್ದಳು. ಎಲೆಯ ಮೇಲಿನದು ಹಾಗೇ ಉಳಿಯಿತು. ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಕೊಡಿಸಿದೆ. ಗೋಡೆ ಕಡೆ ಮುಖ ಮಾಡಿಕೊಂಡು ತಿಂದಳು.

ಆಮೇಲಿಂದ ಯಾವ ಮದುವೆ, ಯಾವ ದೇವರ ಕಾರ್ಯಕ್ಕೆ ಕರೆದೊಯ್ದರೂ ಊಟದ ಹೊತ್ತಿಗೆ ಮಗಳು ಹಸಿವಿಲ್ಲ ಅನ್ನುತ್ತಾಳೆ.